ಮೊದಲು ಕಾಗದ, ಆಮೇಲೆ ಕಲ್ಲು: ಎವ್‌ದೋಕಿಯಾ ಮಿಂಚೆವಾ ಅವರ ನಲವತ್ತೊಂದು ಫಲಕಗಳು

ಬಲ್ಗೇರಿಯದ ಸಣ್ಣ ಊರುಗಳ ಚರಿತ್ರೆಯನ್ನು ಗ್ರಂಥಗಳಲ್ಲಿ ಬರೆದವರು ಹಲವರು. ಊರಿನ ಗೋಡೆಗಳ ಮೇಲೆಯೇ ಬರೆದು, ಹಾಲಿಗೆ ಹೊರಟವರೂ ಬಸ್ಸಿಗೆ ಕಾಯುವವರೂ ನಿಂತು ಓದುವಂತೆ ಮಾಡಿದವರು ವಿರಳ. ಆ ವಿರಳರಲ್ಲೊಬ್ಬರು, ನಮ್ಮ ಗೋರ್ನೊಬ್ರೋದ್ ಪುರಸಭೆಯ ವಸ್ತುಸಂಗ್ರಹಾಲಯದಿಂದ ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ಎವ್‌ದೋಕಿಯಾ ಮಿಂಚೆವಾ. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಅವರು ಇಲ್ಲಿ ಬಾಳಿಹೋದವರ ಮನೆಗಳಿಗೆ ಹಾಕಿಸಿದ ಸ್ಮಾರಕ ಫಲಕಗಳು ನಲವತ್ತೊಂದು.

ಅವರು ಕೆಲಸಕ್ಕೆ ಸೇರಿದಾಗ ಊರಿನಲ್ಲಿದ್ದದ್ದು ಎರಡೇ ಫಲಕ, ಎರಡೂ ಸೇನಾಧಿಕಾರಿಗಳದ್ದು. ಅವರಲ್ಲೊಬ್ಬರು ಇಲ್ಲಿ ತಂಗಿದ್ದು ಮೂರೇ ದಿನ. ಮಿಂಚೆವಾ ಅವರ ಮೊದಲ ಫಲಕ ಏರಿದ್ದು ಒಬ್ಬ ಸೂಲಗಿತ್ತಿಯ ಮನೆಗೆ. ಅವರ ನಿಯಮಗಳು ಎರಡು. ಬದುಕಿರುವವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಬಾರದು. ಕೆತ್ತಿಸುವ ಮೊದಲು ಆ ಬರಹವನ್ನು ಕಾಗದದಲ್ಲಿ ಬರೆದು, ಆ ಮನೆಯ ಬಾಗಿಲಿಗೇ ನಲವತ್ತು ದಿನ ಅಂಟಿಸಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲು ತೂಗುಬಿಡಬೇಕು. ಸತ್ತವರ ಹೆಸರಿನ ಹಾಳೆಯನ್ನು ಬಾಗಿಲಿಗೆ ಅಂಟಿಸುವ ನಮ್ಮವರಿಗೆ ಅದು ಹೊಸತೇನಲ್ಲ. ತಪ್ಪಿದ್ದರೆ ಊರೇ ತಿದ್ದುತ್ತಿತ್ತು.

ಆರು ವರ್ಷದ ಹಿಂದೆ ನಾನು ಅವರ ಕೈಕೆಳಗೆ ಸೇರಿದಾಗ ನನ್ನ ತಲೆಯಲ್ಲಿದ್ದದ್ದು ಚರಿತ್ರೆಯಲ್ಲ, ನನ್ನಜ್ಜಿಯ ಕತೆಗಳು. ಬೇರೆ ಯಾರೇ ಆಗಿದ್ದರೂ ನಕ್ಕುಬಿಡುತ್ತಿದ್ದರು. ಅವರು ಒಲೆಯ ಪಕ್ಕದ ಬೆಚ್ಚಗಿನ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟು, ಆ ಕತೆಗಳನ್ನು ಒಂದೊಂದಾಗಿ ಬರೆದುಕೊಂಡು, "ಇವು ಸುಳ್ಳಲ್ಲ ಮಗು, ಆದರೆ ಇವುಗಳ ಪೆಟ್ಟಿಗೆ ಬೇರೆ" ಎಂದಿದ್ದರು.

ಆ ಪೆಟ್ಟಿಗೆಯನ್ನು ನಾನು ಮರೆತದ್ದು ಈ ವಸಂತದಲ್ಲಿ. ನಮ್ಮ ಕಲ್ಲುಸೇತುವೆ ಕಟ್ಟಿದ ಮೇಸ್ತ್ರಿ ಗಿನ್ಯೋ ಕರಾಜೋವ್ ದೂರದ ಊರಿನಲ್ಲಿ ಜ್ವರದಿಂದ ತೀರಿಕೊಂಡವನು. ಅವನಿಗೆ ಗೋರಿಯೂ ಇಲ್ಲ. ಅವನ ಹೆಸರು ಹೊತ್ತ ಒಂದು ಕಲ್ಲಾದರೂ ಊರಿನಲ್ಲಿರುವಂತೆ ಮಾಡುವುದು ಮಿಂಚೆವಾ ಅವರ ಕೊನೆಯ ಕೆಲಸವಾಗಿತ್ತು. ಕಾಗದ ಬರೆಯಲು ನನಗೆ ಹೇಳಿದರು. ಸೇತುವೆ ನಿಲ್ಲಲೆಂದು ಮೇಸ್ತ್ರಿ ತನ್ನ ನೆರಳನ್ನೇ ಕಂಬದೊಳಗಿಟ್ಟು ಕಟ್ಟಿದನೆಂದು ಅಜ್ಜಿ ಹೇಳುತ್ತಿದ್ದಳು. ನಾನು ಆ ಗುಂಗಿನಲ್ಲಿ ಬರೆದೆ: "ಗಿನ್ಯೋ ಕರಾಜೋವ್. ತನ್ನ ನೆರಳನ್ನು ನದಿಗೆ ಕೊಟ್ಟ. ಊರು ಮರೆಯದು." ಇಸವಿ ಬರೆಯಲಿಲ್ಲ, ಕಸುಬು ಬರೆಯಲಿಲ್ಲ. ಮಿಂಚೆವಾ ಅವರು ಜ್ವರದಿಂದ ಮಲಗಿದ್ದ ದಿನ ಅವರಿಗೆ ತೋರಿಸದೆ ಅಂಟಿಸಿಯೂ ಬಂದೆ.

ಆ ಮನೆಯಲ್ಲಿ ಈಗಿರುವುದು ಮೇಸ್ತ್ರಿಯ ಮೊಮ್ಮಗ. ನಮ್ಮ ರೂಢಿಯಂತೆ ಅಜ್ಜನ ಹೆಸರೇ ಅವರಿಗೆ: ಗಿನ್ಯೋ ಕರಾಜೋವ್, ವಯಸ್ಸು ಎಂಬತ್ತೆರಡು.

ಮಧ್ಯಾಹ್ನದೊಳಗೆ ಊರೇ ನೆರೆಯಿತು, ಸತ್ತವರಿಗೆ ಒಯ್ಯುವಂತೆ ಜೋಡಿ ಜೋಡಿ ಹೂ ಹಿಡಿದು, ಬೇಯಿಸಿದ ಗೋಧಿ ಹೊತ್ತು. ಬಾಗಿಲು ತೆರೆದವರು, ಕೈಯಲ್ಲಿ ಮೊಸರಿನ ಬಟ್ಟಲು ಹಿಡಿದ ಗಿನ್ಯೋ ತಾತನೇ.

ಪಕ್ಕದ ಮನೆಯ ಸ್ತಾಮೆನಾ ಎದೆ ಹಿಡಿದುಕೊಂಡು, "ಅಯ್ಯೋ, ನೀನು ಹೊಳೆಗೆ ಬಿದ್ದು ಸತ್ತೆ ಅಂತ ಬರೆದಿದ್ದಾರಲ್ಲೋ!" ಎಂದರು.

"ಸತ್ತವನಿಗೆ ಬರೀ ಎರಡು ಹೂವೇನೇ? ಇಷ್ಟೇನಾ ನನ್ನ ಬೆಲೆ?" ಎಂದು ತಾತ ಗದರಿ, ಕಾಗದ ಹರಿದು, ಪೆನ್ಸಿಲನ್ನು ದಾರಸಮೇತ ಕಿತ್ತೆಸೆದರು. ಮನೆಯವರ ಸಹಿ ಇಲ್ಲದೆ ಫಲಕ ಏರುವಂತಿಲ್ಲ; ಆ ಸಹಿ ಮಾತ್ರ ಕೇಳಬೇಡಿ ಎಂದುಬಿಟ್ಟರು.

ಮೇಯರ್ ವಿವರಣೆ ಕೇಳಿದಾಗ ಮಿಂಚೆವಾ ಅವರು, "ಓದದೆ ಬಿಟ್ಟ ತಪ್ಪು ನನ್ನದು" ಎಂದರೇ ಹೊರತು ನನ್ನ ಹೆಸರೆತ್ತಲಿಲ್ಲ. ಮಾರನೆಯ ಬೆಳಿಗ್ಗೆ ಬಿಸಿ ಬಾನಿತ್ಸಾ ರೊಟ್ಟಿ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ತಾತನ ಮನೆಗೆ ಹೋದರು. ಹಾಗೆಯೇ ಹನ್ನೊಂದು ಬೆಳಿಗ್ಗೆ ಹೋದೆವು. ಒಮ್ಮೆಯೂ ಅವರು ಸಹಿಯ ಮಾತೆತ್ತಲಿಲ್ಲ. ಹನ್ನೆರಡನೆಯ ದಿನ ತಾತನೇ ಬಾಯಿಬಿಟ್ಟರು.

"ನೋಡು ಎವ್‌ದೋಕಿಯಾ, ಅಜ್ಜ ಸೇತುವೆ ಕಟ್ಟಿದ. ನಾನು ನಲವತ್ತು ವರ್ಷ ಅದರ ಮೇಲೆ ಬ್ರೆಡ್ಡಿನ ವ್ಯಾನು ಓಡಿಸಿದೆ, ಅಷ್ಟೇ. ಆ ಕಲ್ಲು ಹಾಕಿದರೆ ದಿನಾ ಬೆಳಿಗ್ಗೆ ನನ್ನ ಹೆಸರನ್ನೇ ಸತ್ತವರ ಲೆಕ್ಕದಲ್ಲಿ ನೋಡ್ಕೊಂಡು ಹೊರಡಬೇಕು. ಇನ್ನೂ ಇದ್ದೀನಿ ಕಣಮ್ಮ ನಾನು."

ಮಿಂಚೆವಾ ಅವರು ಚೀಲದಿಂದ ಪೆನ್ಸಿಲು ತೆಗೆದು, ಬಾನಿತ್ಸಾ ಸುತ್ತಿದ ಕಾಗದದ ಮೇಲೆಯೇ ಬರೆದು ಅವರ ಮುಂದೆ ಸರಿಸಿದರು: "ಸೇತುವೆಯ ಮೇಸ್ತ್ರಿ ಗಿನ್ಯೋ ಕರಾಜೋವ್ ಇಲ್ಲಿ ಬಾಳಿದ, 1861–1912. ಅದೇ ಹೆಸರಿನ ಮೊಮ್ಮಗ ಈಗಲೂ ಇಲ್ಲೇ ಇದ್ದಾರೆ. ಬಾಗಿಲು ತಟ್ಟಿ."

"ಬದುಕಿರೋರ ಹೆಸರು ಹಾಕಲ್ಲ ಅಂತಿದ್ದೆ?"

"ಇವತ್ತಿನವರೆಗೆ ಹಾಕಿರಲಿಲ್ಲ ಗಿನ್ಯೋ ಅಣ್ಣ."

"ನಾನು ಹೋದ ಮೇಲೆ ಸುಳ್ಳಾಗುತ್ತಲ್ಲ?"

"ಆಗ ಆ ಸಾಲು ಅಳಿಸೋದಕ್ಕೆ ಯೋರ್ದಾಂಕಾ ಇದ್ದಾಳೆ."

ತಾತ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಇವಳಾ? ಅವಸರದ ಹುಡುಗಿ, ಮುಂಚೇನೇ ಅಳಿಸಿಬಿಟ್ಟಾಳು" ಎಂದು ಸಹಿ ಹಾಕಿದರು.

ಹೊಸ ಕಾಗದ ನಲವತ್ತು ದಿನ ಬಾಗಿಲಲ್ಲಿದ್ದು, ಸ್ತಾಮೆನಾ "ಎರಡು ಸಲ ತಟ್ಟಿ, ಕಿವಿ ಮಂದ" ಎಂದು ಪೆನ್ಸಿಲಿನಲ್ಲಿ ಸೇರಿಸಿದ್ದನ್ನು ಬಿಟ್ಟು ಉಳಿದೆಲ್ಲವೂ ಕಲ್ಲಿಗೇರಿತು.

ಪೂಜ್ಯರಾದ ಮಿಂಚೆವಾ ಅವರೇ, ಮೂವತ್ತನಾಲ್ಕು ವರ್ಷದ ನಿಮ್ಮ ನಿಯಮವನ್ನು ಒಬ್ಬ ಮುದುಕರ ನೆಮ್ಮದಿಗಾಗಿ ಮುರಿದು, ಅದರ ಹೊಣೆಯನ್ನು ಒಮ್ಮೆ ಎಡವಿದವಳ ಕೈಗೇ ಕೊಟ್ಟಿದ್ದೀರಿ. ನಿಮಗೆ ಆಯುರಾರೋಗ್ಯಗಳು ಕೂಡಿಬರಲಿ. ನೀವು ಶುರುಮಾಡಿರುವ ನದಿಯಾಚೆಯ ಬೀದಿಗಳ ಚರಿತ್ರೆ ನಿಧಾನವಾಗಿ, ನೂರು ತಿದ್ದುಪಡಿಗಳೊಂದಿಗೆ ಬೆಳೆಯಲಿ. ನನಗೆ ವಹಿಸಿದ ಆ ಅಳಿಸುವ ಕೆಲಸ ಮಾತ್ರ ಬಹಳ ವರ್ಷ ನನಗೆ ಸಿಗದೇ ಇರಲಿ. ನಿನ್ನೆ ಆ ಬಾಗಿಲನ್ನು ಎರಡು ಸಲ ತಟ್ಟಿ ನೋಡಿದೆ. "ಇದ್ದೀನಿ, ಇದ್ದೀನಿ!" ಎಂದು ಒಳಗಿನಿಂದ ಕೂಗಿದರು.