ಶಾರದಕ್ಕ ಬಿಟ್ಟುಕೊಟ್ಟ ಸೀಟು

ಇವತ್ತು ಮುಂಬಯಿ ಪಕ್ಕದ ಠಾಣೆ ಊರಿನ ದವಾಖಾನೆಯಲ್ಲಿ ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಕ್ಲಿಪ್ ಸಿಕ್ಕಿಸಿದರು. ಉಗುರಿನಡಿ ಕೆಂಪು ಬೆಳಕು ಮಿನುಗಿದ್ದೇ ತಡ, ಡೊಂಬಿವಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ಮಲ್ಲಿಗೆ, ಬೆವರಿನ ವಾಸನೆ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ನಮ್ಮ ಚಾಳಿನ ಸಾಲುಮನೆಯಲ್ಲಿದ್ದ ಶಾರದಕ್ಕ ವಿಜ್ಞಾನದ ಟೀಚರ್. ದಿನಾ ಗೆಳತಿಯರೊಂದಿಗೆ ನಾಲ್ವರಾಗಿ ರೈಲು ಹತ್ತುತ್ತಿದ್ದರು. ಆ ನೂಕಾಟದಲ್ಲಿ ಮೊದಲನೆಯವರು ಹತ್ತುವುದೇ ಕಷ್ಟ. ಹತ್ತಿದವರು ಕೈಚಾಚಿ ಎಳೆದುಕೊಂಡರೆ ಉಳಿದವರು ಸಲೀಸಾಗಿ ಒಳಗೆ. ಮೂವರ ಸೀಟಿನಲ್ಲಿ ನಾಲ್ವರೂ ಕೂರುತ್ತಿದ್ದರು.

ರಕ್ತ ಕಡಿಮೆಯಿದ್ದ ಅಮ್ಮನ ಜೊತೆ ನಾನು ಆಸ್ಪತ್ರೆಗೆ ಹೊರಟ ದಿನ ನಮಗೆ ಸೀಟು ಸಿಗಲಿಲ್ಲ. ದಿವಾ ಸ್ಟೇಷನ್ ದಾಟುವಾಗ ಅಮ್ಮನ ತುಟಿ ಬಿಳಿಚಿತು, ಏದುಸಿರು ಬಂತು. ಶಾರದಕ್ಕ ತಟ್ಟನೆ ಎದ್ದರು.

"ಇಲ್ಲಿ ಮಲಗಿ ಮಾರಾಯ್ರೆ!"

ಅವರು ಎದ್ದದ್ದು ಕಂಡು ಉಳಿದ ಮೂವರೂ ಎದ್ದರು. ಅಮ್ಮ ಕಾಲುಚಾಚಿ ಒರಗಿದಳು. ಸೆರಗಿನಿಂದ ಗಾಳಿ ಹಾಕುತ್ತಾ ಶಾರದಕ್ಕ, ಅಳುತ್ತಿದ್ದ ನನಗೆ ಹೇಳಿದರು:

"ರಕ್ತದ ಹಿಮೋಗ್ಲೋಬಿನ್ನಿಗೂ ನಾಲ್ಕು ಸೀಟು ಉಂಟು ನೋಡು. ಶ್ವಾಸಕೋಶದಲ್ಲಿ ಒಂದು ಆಮ್ಲಜನಕ ಹತ್ತಿದ್ರೆ ಮತ್ತಿನದ್ದು ಬೇಗ ಹತ್ತುತ್ತದೆ. ಮೈಯಲ್ಲಿ ದಣಿದು ಬಿಸಿಯಾದ ಜಾಗ ಬಂದ್ರೆ ಹಿಡಿತ ಸಡಿಲ. ಒಂದು ಇಳಿದ್ರೆ ಉಳಿದದ್ದೂ ಸುಲಭದಲ್ಲಿ ಇಳೀತದೆ."

"ಅಮ್ಮನಿಗೆ?"

"ಸೀಟು ಕಡಿಮೆ ಉಂಟು, ಅಷ್ಟೆ. ಮದ್ದು ತಗೊಂಡ್ರೆ ಹೊಸತು ಬರ್ತದೆ."

ಬಂತು ಕೂಡ. ಸೀಟು ಬಿಟ್ಟು, ನಿಂತುಕೊಂಡೇ ಪಾಠ ಹೇಳಿದ ಅಂಥ ಟೀಚರ್ ನನಗೆ ಮತ್ತೆ ಸಿಗಲಿಲ್ಲ.

ಇವತ್ತು ಮನೆಗೆ ಮರಳುವಾಗ ಮುಂಬ್ರಾ ಸ್ಟೇಷನ್ನಿನಲ್ಲಿ ತುಂಬು ಬಸುರಿಯೊಬ್ಬಳು ಏದುಸಿರು ಬಿಡುತ್ತಾ ಹತ್ತಿದಳು. ನಾನು ಎದ್ದೆ. ಪಕ್ಕದ ಹುಡುಗಿ ನನ್ನತ್ತ ನೋಡಿದಳು, ಕಿವಿಯಿಂದ ಇಯರ್‌ಫೋನ್ ತೆಗೆದಳು, ತಾನೂ ಎದ್ದಳು.