ಸೊಪ್ಪು ತಿನ್ನುವ ಮೀನು

ನಾಲೆಯ ನೀರು ನಮ್ಮೂರಿಗೆ ಇನ್ನೂ ಹೊಸದಾಗಿದ್ದ ಕಾಲ ಅದು. ಮದ್ದೂರಿನ ಕಡೆಯ ನಮ್ಮ ಹಳ್ಳಿಗೆ ನೀರಿನ ಜೊತೆಗೇ ಜಗಳವೂ ಹರಿದು ಬಂದಿತ್ತು. ತೂಬು ಯಾರು ಎತ್ತಿದರು, ಬದು ಯಾರು ಒಡೆದರು ಅಂತ ಮೇಲಲಕೇರಿ, ಕೆಳಗಲಕೇರಿಯವರು ಗುದ್ದಲಿಯ ಕಾವಿನಲ್ಲೇ ಮಾತಾಡುತ್ತಿದ್ದರು. ಯಾರದಾದರೂ ತಲೆ ಒಡೆಯದೆ ಒಂದು ಬೇಸಿಗೆ ಕಳೆದದ್ದು ನನಗೆ ನೆನಪಿಲ್ಲ. ದೂರದೇಶದಲ್ಲಿ ಯುದ್ಧ ನಡೆಯುತ್ತಿದೆ ಎಂದು ಮೇಷ್ಟ್ರು ಹೇಳಿದಾಗ ನಾವು ಮಕ್ಕಳು, "ಯಾವ ಕೇರಿಗೂ ಯಾವ ಕೇರಿಗೂ ಸಾ?" ಎಂದು ಕೇಳಿದ್ದೆವು.

ಅಂಥ ಊರಿಗೆ ಒಂದು ದಿನ ಸರ್ಕಾರದ ಮೀನಿನ ಸಾಹೇಬರು ಬಂದರು. ಎತ್ತಿನ ಗಾಡಿಯ ತುಂಬ ನೀರು ತುಳುಕುವ ತಗಡಿನ ಡಬ್ಬಗಳು. ಚಿಕ್ಕಪ್ಪ ಜವರ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಿದ. ಅಪ್ಪ ಸತ್ತ ಮೇಲೆ ನನ್ನನ್ನು ಎತ್ತಿ ಆಡಿಸಿದವನು ಅವನೇ. ಕೋಲು ಹಿಡಿದರೆ ನಮ್ಮ ಕೆಳಗಲಕೇರಿಯಲ್ಲಿ ಅವನಿಗೆ ಎದುರಿಲ್ಲ. ನನ್ನ ಮೇಲೆ ಮಾತ್ರ ಒಂದು ಗದರಿಕೆಯೂ ಬಿದ್ದಿರಲಿಲ್ಲ.

ಸಾಹೇಬರು ಶಾಲೆಯ ಹಿಂದಿನ ನೀರಿನ ಕಟ್ಟೆಯ ಮೆಟ್ಟಿಲ ಮೇಲೆ ನಮ್ಮನ್ನು ಕೂರಿಸಿ, ಬೊಗಸೆಯಲ್ಲಿ ಒಂದು ಮರಿ ಎತ್ತಿ ತೋರಿಸಿದರು. ಚಪ್ಪಟೆ ಮೈ, ಹೊಟ್ಟೆಯ ಕೆಳಗೆ ಮೀಸೆಯಂಥ ಎರಡು ಉದ್ದ ಎಳೆ.

"ಇದರ ಹೆಸರು ಗೊರಾಮಿ. ಸಮುದ್ರದಾಚೆಯದು. ಸೊಪ್ಪು ತಿಂದು ಬೆಳೆಯುತ್ತೆ. ಈ ಕಟ್ಟೆಗೇ ಬಿಡ್ತೀವಿ, ನೀವು ಮಕ್ಕಳೇ ಸಾಕಬೇಕು. ದೊಡ್ಡದಾದ ಮೇಲೆ ಊರೆಲ್ಲ ಊಟ ಮಾಡಬಹುದು" ಎಂದರು.

ಸುದ್ದಿ ಕೇಳಿ ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ಸೊಪ್ ತಿನ್ನೋ ಮೀನಾ? ಅಂಗಾರೆ ಸನಿವಾರನೂ ತಿನ್ಬೋದು ಬುಡು. ಸೊಪ್ಪಿನ ಸಾರೇ ಆಯ್ತಲ್ಲ!"

ಕುಂಟೆಬಿಲ್ಲೆ ಮರೆತು ನಾವು ಸೊಪ್ಪಿಗೆ ಬಿದ್ದೆವು. ಕೆಸುವಿನ ಎಲೆ, ನುಗ್ಗೆಸೊಪ್ಪು, ಕೀರೆಸೊಪ್ಪು, ಕೈಗೆ ಸಿಕ್ಕಿದ್ದೆಲ್ಲ. ಕೆಳಗಿನ ಮೆಟ್ಟಿಲಲ್ಲಿ ಕೂತು ನಾನು ಅಂಗೈಯಿಂದ ನೀರು ಬಡಿದರೆ ಸಾಕು, ಕಟ್ಟೆಯಲ್ಲಿದ್ದವೆಲ್ಲ ಓಡಿ ಬರುತ್ತಿದ್ದವು. ಮೇಲೆದ್ದು ಬಾಯಿ ತೆರೆದು ಒಂದು ಗುಟುಕು ಗಾಳಿ ಕುಡಿದು, ನನ್ನ ಬೆರಳಿನಿಂದಲೇ ಎಲೆ ಎಳೆದುಕೊಳ್ಳುತ್ತಿದ್ದವು. ಬೇರೆಯವರು ಬಡಿದರೆ ಬರುತ್ತಿರಲಿಲ್ಲ. ಅದು ನನಗೆ ಎಂಥ ಜಂಬ ಅಂತೀರಿ! ಮರಿಗಳು ಬೆಳೆದು ಮೊರದಗಲ ಆದವು.

ಅಷ್ಟರಲ್ಲಿ ಆ ಕೆಟ್ಟ ಬೇಸಿಗೆ ಬಂತು. ನಾಲೆ ನಿಲ್ಲಿಸಿದರು. ಕಟ್ಟೆಯ ನೀರು ಮೊಣಕಾಲಿಗೆ ಇಳಿದು ಕೆಸರಿನ ವಾಸನೆ ಊರೆಲ್ಲ ಹರಡಿತು. ಯುದ್ಧದ ಕಾಲ, ಎಲ್ಲರ ಮನೆಯಲ್ಲೂ ಅರೆಹೊಟ್ಟೆ. ಕಟ್ಟೆ ಬತ್ತಿದಾಗ ಮೀನು ಹಿಡಿಯಲು ನಮ್ಮಲ್ಲೊಂದು ಕಟ್ಟಳೆಯಿತ್ತು. ನಡುನೀರಿನಲ್ಲಿ ಗೂಟ ನೆಡುವುದು, ಆ ಕಡೆಯದು ಮೇಲಲಕೇರಿಗೆ, ಈ ಕಡೆಯದು ನಮಗೆ. ತಮಟೆ ಹೊಡೆಯುವವರೆಗೆ ಯಾರೂ ಇಳಿಯುವಂತಿಲ್ಲ.

ಆ ಬೆಳಿಗ್ಗೆ ಎರಡು ದಡದಲ್ಲೂ ದೊಣ್ಣೆ, ಕುಡುಗೋಲು ಹಿಡಿದ ಜನ. ಮೀನುಗಳೆಲ್ಲ ಆ ಕಡೆಯ ಹೊಂಗೆಯ ನೆರಳಿನಲ್ಲಿ ಸೇರಿದ್ದವು. ಚಿಕ್ಕಪ್ಪ ನನ್ನ ರಟ್ಟೆ ಹಿಡಿದು ಮೆಟ್ಟಿಲಿಗೆ ಎಳೆದು ತಂದ.

"ತಮಟೆ ಒಡಿಯಕ್ ಮುಂಚೆ ಕರಿ ಮಗ. ಕರೀಬಾರ್ದು ಅಂತ ಕಟ್ಟಳೆ ಇಲ್ಲ."

"ಬಡಿದು ಸಾಯಿಸ್ತೀರಿ ಚಿಕ್ಕಪ್ಪಾ. ನಾ ಕರಿಯಾಕಿಲ್ಲ."

"ಸಾಕಿರಾದೇ ತಿನ್ನಕ್ ಕಣೇ!"

ಆಚೆ ದಡದಿಂದ ಒಬ್ಬ ಕೂಗಿದ: "ಲೇ ಜವರ, ಆ ಎಣ್ಣು ನೀರ್ ಮುಟ್ಟುದ್ರೆ ನಿನ್ ತಲೆ ಎರಡು ಓಳಾಯ್ತದೆ ಕಣ್ಲಾ!"

ಎಲ್ಲರೆದುರು ಕೇಳಿಸಿಕೊಂಡ ಆ ಮಾತಿಗೆ ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. "ಕರಿ" ಎಂದ. ನಾನು ಎರಡೂ ಕೈಯನ್ನು ಕಂಕುಳಲ್ಲಿ ಅಡಗಿಸಿಕೊಂಡೆ. ಅವನು ಕೈ ಬೀಸಿ ನನ್ನ ಕೆನ್ನೆಗೆ ಹೊಡೆದ. ಕಿವಿ ಗುಂಯ್ ಎಂದಿತು. ಮೆಟ್ಟಿಲಿನಿಂದ ಜಾರಿ ಧಡಾರನೆ ನೀರಿಗೆ ಬಿದ್ದೆ.

ಆ ಸದ್ದಿಗೆ ಅವು ಬಂದವು. ನೀರು ಸೀಳಿಕೊಂಡು, ಗೂಟ ದಾಟಿ, ನಾನು ಕರೆದೆನೆಂದೇ ನಂಬಿ ಬಂದವು. ನನ್ನ ಬೆರಳು, ಮಂಡಿ, ಲಂಗದ ಅಂಚು ಮೂಸಿ ಬಾಯಿ ತೆರೆದು ನಿಂತವು. "ಓಗಿ, ಓಗಿ" ಎಂದು ಅರಚಿದೆ. ತಮಟೆಗೆ ಏಟು ಬಿತ್ತು.

ಮೊದಲ ದೊಣ್ಣೆ ಚಿಕ್ಕಪ್ಪನದೇ. ನನ್ನ ಮಂಡಿಯ ಪಕ್ಕದಲ್ಲೇ ಒಂದರ ತಲೆ ಜಜ್ಜಿಹೋಯಿತು. ಮೇಲಲಕೇರಿಯವರು ಗೂಟ ಕಿತ್ತು ನುಗ್ಗಿದರು. ಆಮೇಲೆ ದೊಣ್ಣೆಗಳಿಗೆ ಮೀನು ಯಾವುದು, ಮನುಷ್ಯ ಯಾರು ಎಂಬ ಗುರುತೇ ಉಳಿಯಲಿಲ್ಲ. ಒಬ್ಬನ ದವಡೆ ಮುರಿಯಿತು, ಇನ್ನೊಬ್ಬನ ಎರಡು ಬೆರಳು ಕುಡುಗೋಲಿಗೆ ಹೋದವು, ಚಿಕ್ಕಪ್ಪನ ತಲೆ ಹೇಳಿದಂತೆಯೇ ಒಡೆಯಿತು. ಅಮ್ಮ ನನ್ನ ಜುಟ್ಟು ಹಿಡಿದು ಮೇಲೆಳೆದಾಗ ಮೈಯೆಲ್ಲ ರಕ್ತ, ಮೀನಿನ ಹುರುಪೆ. ಯಾರ ರಕ್ತವೋ ಗೊತ್ತಿಲ್ಲ.

ಸಂಜೆ ತಲೆಗೆ ಅರಿಶಿನದ ಬಟ್ಟೆ ಸುತ್ತಿಕೊಂಡ ಚಿಕ್ಕಪ್ಪ ತನ್ನ ತಟ್ಟೆಯಿಂದ ನಡುತುಂಡು ಎತ್ತಿ ನನಗೆ ಹಾಕಿದ. "ತಿನ್ನು ಕಣ್ಮಗ" ಎಂದು ಊದಿದ ಕೆನ್ನೆ ಸವರಲು ಕೈ ಚಾಚಿದ. ನಾನು ಗೋಡೆಗೆ ಅಂಟಿಕೊಂಡೆ. ಅವನು ಊಟ ಬಿಟ್ಟು ಎದ್ದುಹೋದ.

ಈಗ ಆ ಕಟ್ಟೆ ಮುಚ್ಚಿ ಬಸ್ಸು ನಿಲ್ಲುವ ಜಾಗ ಮಾಡಿದ್ದಾರೆ. ಎರಡೂ ಕೇರಿಯವರು ಅಲ್ಲಿ ಒಂದೇ ಬೆಂಚಿನಲ್ಲಿ ಕೂತು ಟೀ ಕುಡಿಯುತ್ತಾರೆ. ಕಟ್ಟೆ ಹೋಯಿತೆಂದು ನನಗೆ ಸಂಕಟವಿಲ್ಲ. ನನಗೆ ಹೋದದ್ದೇ ಬೇರೆ. ಚಿಕ್ಕಪ್ಪ ಆಮೇಲೆ ಎಂದೂ ನನ್ನ ಮೇಲೆ ಕೈ ಮಾಡಲಿಲ್ಲ. ನನ್ನ ಮದುವೆಯನ್ನೂ ಅವನೇ ನಿಂತು ಮಾಡಿದ. ಅಕ್ಷತೆ ಹಾಕಲು ಅವನು ಕೈ ಎತ್ತಿದಾಗ ನಾನು ಕಣ್ಣು ಮುಚ್ಚಿ ಕತ್ತನ್ನು ಒಳಗೆಳೆದುಕೊಂಡೆ. ಹೆಣ್ಣಿಗೆ ಎಷ್ಟು ನಾಚಿಕೆ ನೋಡಿ ಎಂದು ನೆಂಟರು ಮೆಚ್ಚಿದರು. ಚಿಕ್ಕಪ್ಪ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿ, ಅಕ್ಕಿಯನ್ನು ನನ್ನ ಕಾಲ ಬಳಿ ಹಾಕಿ ಹಿಂದೆ ಸರಿದ.