ಮಚ್ಚು ಕೆಳಗಿಟ್ಟ ಚಳಿಗಾಲ

ತಿಪಟೂರು ಸೀಮೆಯ ಹಾಲ್ಕುರಿಕೆಯ ಹುಚ್ಚಕ್ಕನಿಗೆ ಅರವತ್ತಕ್ಕೆ ಎರಡೇ ವರ್ಷ ಕಮ್ಮಿ. ಅದರಲ್ಲಿ ಮೂವತ್ತು ವರ್ಷ ಮಾಡಿದ್ದು ಒಂದೇ ಕೆಲಸ, ಕೊಬ್ಬರಿ ಒಡೆಯುವುದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯ ಚಿಪ್ಪನ್ನು ಮಚ್ಚಿನ ಹಿಂಬದಿಯಿಂದ ತಟ್ಟಿ ತಟ್ಟಿ ಬಿಡಿಸಬೇಕು. ಒಳಗಿನ ಉಂಡೆ ಬಿರಿದರೆ ಅದು ಹೋಳು, ಒಳ್ಳೆಯ ಬೆಲೆ ಸಿಗುವುದಿಲ್ಲ. ಹುಚ್ಚಕ್ಕನ ಕೈಯಲ್ಲಿ ದಿನಕ್ಕೊಂದು ಹೋಳಾಗುವುದೂ ಅಪರೂಪವಾಗಿತ್ತು.

ಕಳೆದ ಡಿಸೆಂಬರಿನಲ್ಲಿ ಆ ಕೈಯೇ ಅವಳ ಮಾತು ಕೇಳಲಿಲ್ಲ. ಆ ಸೀಮೆಯವರಿಗೆ ಚಳಿಯೆಂದರೆ ತಲೆಗೊಂದು ಟವೆಲ್ ಸುತ್ತಿಕೊಂಡರೆ ಮುಗಿಯುವಂಥದ್ದು. ಅಂಥ ಕಡೆ ವಾರಗಟ್ಟಲೆ ಎಂಟು ಗಂಟೆಯಾದರೂ ತೋಟಗಳ ಮೇಲಿನ ಮಂಜು ಕದಲಲಿಲ್ಲ. ಆರಕ್ಕೇ ಶೆಡ್ಡಿನಲ್ಲಿ ಕೂರುವ ಹೆಂಗಸರ ಬೆನ್ನ ಮೇಲೆ ತಗಡಿನ ಸೂರಿನಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಬೆರಳು ಮರಗಟ್ಟಿ, ಮಚ್ಚು ಕೈಯಲ್ಲಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಪಕ್ಕದಲ್ಲಿ ಕೂತ ಸಾಬಿರಾಳ ಮಚ್ಚು ಜಾರಿ ಹೆಬ್ಬೆರಳು ಸೀಳಿತು. ಸೆರಗು ಕೆಂಪಾದ ಮೇಲೇ ಅವಳಿಗೆ ಗೊತ್ತಾದದ್ದು.

ಹುಚ್ಚಕ್ಕ ಎದ್ದು ಹೋಗಿ, ಬಾಗಿಲ ಬಳಿ ಹಳೆಯ ಬಾಣಲೆಗೆ ಚಿಪ್ಪು ತುಂಬಿ ಬೆಂಕಿ ಹಚ್ಚಿದಳು. ಮಾಲೀಕ ತೋಂಟದಾರ್ಯ ಓಡಿ ಬಂದು ಒಂದು ಬಕೆಟ್ ನೀರು ಸುರಿದ.

“ನಾರು, ಮಟ್ಟೆ ತುಂಬಿರೋ ಜಾಗ ಇದು. ಶೆಡ್ಡು ಸುಟ್ಟೋದ್ರೆ ನೀನ್ ಕಟ್ಸಿಕೊಡ್ತೀಯಾ?”

ಅವನು ಹೇಳಿದ್ದು ಸುಳ್ಳಲ್ಲವೆಂದು ಹುಚ್ಚಕ್ಕನಿಗೂ ಗೊತ್ತಿತ್ತು. ಮಚ್ಚು ಕೆಳಗಿಟ್ಟು ಸೀರೆ ಕೊಡವಿಕೊಂಡಳು.

“ಬೆಂಕಿ ಬ್ಯಾಡ ಅಂದ್ರಾ, ಸರಿ ಬುಡಿ ಸಾವ್ಕಾರ್ರೇ. ಬಿಸ್ಲು ಬರ್ಲಿ, ಆವಾಗ ಕುಂತ್ಕತೀವಿ.”

“ಮಧ್ಯಾಹ್ನಕ್ಕೆ ಲಾರಿ ಬತ್ತೈತೆ. ಅದು ಬಿಸ್ಲು ಕಾಯ್ತದಾ?”

“ಕಾಯ್ಲಿ. ಲಾರಿಗೆ ಬೆರಳಿಲ್ಲ, ನಮಗೈತೆ.”

ಸಾಬಿರಾ ಮೊದಲು ಎದ್ದಳು. ಒಬ್ಬೊಬ್ಬರಾಗಿ ಉಳಿದ ಆರು ಹೆಂಗಸರೂ ಹೊರಬಂದು ರಸ್ತೆಯ ಮೋರಿಕಟ್ಟೆಯ ಮೇಲೆ ಕೂತರು. ಹುಚ್ಚಕ್ಕನಿಗೆ ಅಳುಕಿರಲಿಲ್ಲವೆಂದಲ್ಲ. ಕೆಲಸ ಹೋದರೆ ಸೊಸೆಗೆ ಏನು ಹೇಳುವುದೆಂಬ ಯೋಚನೆ ಅವಳನ್ನು ಕಾಡುತ್ತಿತ್ತು. ಆದರೂ ಬಿಸಿಲೇರಿ ಅಂಗೈ ಬಿಸಿಯಾಗುವವರೆಗೆ ಕದಲಲಿಲ್ಲ. ಆಮೇಲೆ ಒಳಗೆ ಹೋದರೆ ತೋಂಟದಾರ್ಯ, “ನಾಳೆಯಿಂದ ಬರ್ಬ್ಯಾಡಿ” ಅಂದ.

ಮರುದಿನ ತುರುವೇಕೆರೆ ಕಡೆಯಿಂದ ಒಂದು ಟೆಂಪೋ ತುಂಬ ಬೇರೆ ಹೆಂಗಸರು ಬಂದರು. ಹುಚ್ಚಕ್ಕನ ಗುಂಪು ಮೋರಿಕಟ್ಟೆಯ ಮೇಲೇ ಇತ್ತು. ಇಳಿದವರು ಇವರ ಮುಖ ನೋಡಲು ಹಿಂಜರಿದಾಗ ಹುಚ್ಚಕ್ಕನೇ ಮಾತಾಡಿಸಿದಳು.

“ಒಳಗೆ ಸೂರು ತೊಟ್ಟಿಕ್ತೈತೆ. ಬೆನ್ನಿಗೆ ಗೋಣಿಚೀಲ ಹಾಕ್ಕಳ್ರವ್ವ.”

ಗೋಣಿಚೀಲ ಬೆನ್ನು ಕಾಯಿತು, ಬೆರಳನ್ನಲ್ಲ. ಸಂಜೆ ಉಂಡೆಯ ರಾಶಿಗಿಂತ ಹೋಳಿನ ರಾಶಿಯೇ ದೊಡ್ಡದಾಗಿತ್ತು. ಎರಡನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ಟೆಂಪೋ ಬರಲಿಲ್ಲ. ಮಂಕಿ ಕ್ಯಾಪ್ ಹಾಕಿದ ತೋಂಟದಾರ್ಯನೇ ಮೋರಿಯ ಹತ್ತಿರ ಬಂದ.

“ಎಂಟಕ್ಕೆ ಬನ್ನಿ. ಸಂಕ್ರಾಂತಿವರ್ಗೆ ಮಾತ್ರ.”

“ಎಂಟೂವರೆಗೆ ಬತ್ತೀವಿ. ಚಳಿ ಇರೋವರ್ಗೂ. ಮುಂದಿನ್ ವರ್ಸವೂ ಅಷ್ಟೇಯಾ.”

ಅವನು “ಆಯ್ತು” ಅಂದು ತಿರುಗಿ ಹೋದ.

ಚಳಿ ಮುಗಿಯುವವರೆಗೂ ಆ ಮಾತು ನಡೆಯಿತು. ಆದರೆ ಯುಗಾದಿ ಕಳೆದು ಹೊಸ ಕಾಯಿ ಅಟ್ಟದಿಂದ ಇಳಿದಾಗ ಎಲ್ಲರಿಗೂ ಕರೆ ಬಂತು, ಹುಚ್ಚಕ್ಕನೊಬ್ಬಳನ್ನು ಬಿಟ್ಟು. ಸಾಬಿರಾ ಅವಳ ಮನೆ ಬಾಗಿಲಲ್ಲಿ ತಲೆತಗ್ಗಿಸಿ ನಿಂತಳು.

“ನಿನ್ನ ಬುಟ್ಟು ಹೆಂಗೆ ಹೋಗ್ಲಕ್ಕ?”

“ಹೋಗು ಕಣೇ, ಮಕ್ಕಳವೆ ನಿಂಗೆ. ಚಳೀಲಿ ಮಾತ್ರ ಎಂಟೂವರೆಗೇ ಹೋಗು. ಅದುನ್ನ ಬುಟ್ಕೊಟ್ರೆ ನನ್ ಬಾಗ್ಲಿಗೆ ಬರ್ಬ್ಯಾಡ.”

ಆ ವಾರವೇ ಹುಚ್ಚಕ್ಕ ಬಸ್ಸು ಹತ್ತಿ ತಿಪಟೂರಿನ ಒಂದು ಕೊಬ್ಬರಿ ಶೆಡ್ಡಿಗೆ ಕೆಲಸ ಕೇಳಲು ಹೋದಳು. ಅಲ್ಲಿಯ ಮಾಲೀಕ ಅವಳನ್ನು ಮೇಲಿಂದ ಕೆಳಗೆ ನೋಡಿದ.

“ಹೆಂಗಸರನ್ನೆಲ್ಲ ಎಬ್ಬಿಸ್ಕೊಂಡು ಹೊರಗೆ ಹೋದ ಹಾಲ್ಕುರಿಕೆ ಹುಚ್ಚಕ್ಕ ಅಂದ್ರೆ ನೀನೇನಾ?”

“ಊಂ ಕಣಪ್ಪ, ನಾನೇಯಾ,” ಅಂದಳು ಹುಚ್ಚಕ್ಕ. “ಕುಂತ್ಕಳಕ್ಕೆ ಒಂದ್ ಮಣೆ ಕೊಡು.”